ಘಾಟಿ ಇಳಿದು ಬಂದ ಬೆನ್ನುನೋವು

1956ರ ನವೆಂಬರ್ 1ಕ್ಕೆ ಮುಂಚೆ ಕೊಳ್ಳೇಗಾಲದವರಿಗೆ ಜಿಲ್ಲಾ ಕೇಂದ್ರವೆಂದರೆ ಕೊಯಮತ್ತೂರು. ಜಮೀನಿನ ತಕರಾರು, ಕಲೆಕ್ಟರಿಗೆ ಕೊಡುವ ಅರ್ಜಿ, ಎಲ್ಲಕ್ಕೂ ಕಾಡು ಹಾದು, ಘಾಟಿ ಇಳಿದು ಮದ್ರಾಸ್ ರಾಜ್ಯದ ಆ ಊರಿಗೇ ಹೋಗಬೇಕಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ತಾಲ್ಲೂಕು ಮೈಸೂರಿಗೆ ಸೇರಿತು, ಕಚೇರಿಗಳು ದಿಕ್ಕು ಬದಲಿಸಿದವು. ಘಾಟಿ ಇಳಿಯುವುದು ಮಾತ್ರ ನಿಲ್ಲಲಿಲ್ಲ. ಈಗ ಇಳಿಯುವವರ ಕೈಯಲ್ಲಿ ಕಂದಾಯದ ಕಾಗದದ ಬದಲು ಡಾಕ್ಟರ ಚೀಟಿ ಇರುತ್ತದೆ. ಅದರ ಮೇಲೆ ಗೀಚಿದ ಒಂದು ಸಾಲು: ‘ಎಂಆರ್‌ಐ ಎಲ್‌ಎಸ್ ಸ್ಪೈನ್’, ಅಂದರೆ ಸೊಂಟದ ಬೆನ್ನುಮೂಳೆಯ ಸ್ಕ್ಯಾನು.

ದಾರಿಯೇನೋ ಚೆಂದ. ಚಾಮರಾಜನಗರ ಬಿಟ್ಟು ಪುಣಜನೂರು, ಹಾಸನೂರು ದಾಟಿದರೆ ದಿಂಬಂ. ಅಲ್ಲಿಂದ 27 ತಿರುವು ಇಳಿದು, ಬಣ್ಣಾರಿ ಮಾರಿಯಮ್ಮನಿಗೆ ಬಸ್ಸಿನ ಕಿಟಕಿಯಿಂದಲೇ ಕೈಮುಗಿದು, ಸತ್ಯಮಂಗಲ, ಅನ್ನೂರು ಹಾದು ಕೊಯಮತ್ತೂರು. ಸೊಂಟದಲ್ಲಿ ನೋವು ಇಟ್ಟುಕೊಂಡವರಿಗೆ ಆ 27 ತಿರುವುಗಳೇ ಅರ್ಧ ಪರೀಕ್ಷೆ. ಸಾಲದ್ದಕ್ಕೆ ಹುಲಿ, ಆನೆ, ಚಿರತೆಗಳ ಈ ಕಾಡಿನಲ್ಲಿ ರಾತ್ರಿ ಸಂಚಾರಕ್ಕೆ 2022ರಿಂದ ಮದ್ರಾಸ್ ಹೈಕೋರ್ಟಿನ ನಿರ್ಬಂಧವಿದೆ. ಆಂಬುಲೆನ್ಸಿಗೆ ವಿನಾಯಿತಿಯುಂಟು, ಬಾಡಿಗೆ ಕಾರಿಗಿಲ್ಲ. ಹಾಗಾಗಿ ಘಾಟಿಯ ಮೇಲಿನವರು ಸ್ಕ್ಯಾನಿನ ರೇಟು ಕೇಳುವ ಮೊದಲು ವೇಳೆ ಕೇಳುತ್ತಾರೆ. ‘ಸಂಜೆ ಏಳಕ್ಕೆ ಬನ್ನಿ’ ಎಂದರೆ ಲಾಡ್ಜಿನ ಬಾಡಿಗೆಯೂ ಸ್ಕ್ಯಾನಿನ ಲೆಕ್ಕಕ್ಕೆ ಸೇರಿತೆಂದೇ ಅರ್ಥ.

ಕೊಯಮತ್ತೂರಿನಲ್ಲಿ ಕನ್ನಡ ಕೇಳಿಸುವುದಿಲ್ಲವೆಂದಲ್ಲ. ಊರ ಹಳೇ ಪೇಟೆಯಲ್ಲಿ ದೇವಾಂಗರ ಮನೆಮಾತು ಕನ್ನಡವೇ. ವಿಜಯದಶಮಿಯ ದಿನ ಚೌಡೇಶ್ವರಿ ಅಮ್ಮನ ಮುಂದೆ ಕತ್ತಿ ಹಿಡಿದು ರಾಜಬೀದಿಯಲ್ಲಿ ಸಾಗುವವರು ಇವರು. ಮೆಟ್ಟುಪಾಳ್ಯದ ಬಳಿಯ ಸಿರುಮುಗೈಯಲ್ಲಿ ರೇಷ್ಮೆ ನೇಯುವವರಲ್ಲೂ ಕನ್ನಡ ಮಾತಾಡುವ ಮನೆಗಳಿವೆ. ಕಾರಮಡೈ ಕಡೆ ಒಕ್ಕಲಿಗರು, ತಿರುಪ್ಪೂರು ಜಿಲ್ಲೆಯ ಪಲ್ಲಡಂ, ಧಾರಾಪುರಗಳ ಸುತ್ತ ಅನುಪ್ಪರು, ಕುರುಬರು. ನೀಲಗಿರಿಯಿಂದ ಇಳಿದು ನೆಲೆಸಿದ ಬಡಗರ ಮಾತೂ ಕಿವಿಗೆ ದೂರದ್ದಲ್ಲ. ತಲೆಮಾರುಗಳಿಂದ ಇಲ್ಲಿರುವ ಇವರಿಗೆ ಯಾವ ಆಸ್ಪತ್ರೆಯ ಯಾವ ಕೌಂಟರಿನಲ್ಲಿ ಏನು ಕೇಳಬೇಕೆಂದು ಗೊತ್ತು. ಗೊತ್ತಿಲ್ಲದೆ ಒದ್ದಾಡುವವರು ನಿನ್ನೆ ಮೊನ್ನೆ ಬಂದವರು: ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ಹೊಲಿಗೆ, ಚೆಕಿಂಗು, ಪ್ಯಾಕಿಂಗು ಮಾಡುತ್ತಿರುವ ಹನೂರು ಸೀಮೆಯವರು, ಅವರ ಪಕ್ಕದಲ್ಲೇ ಕೂತ ಒಡಿಶಾ, ಬಿಹಾರ, ಜಾರ್ಖಂಡದವರು, ಮತ್ತು ‘ಅಲ್ಲಿ ಚೆನ್ನಾಗಿ ನೋಡ್ತಾರಂತೆ’ ಎಂಬ ಒಂದೇ ಮಾತು ನಂಬಿ ಘಾಟಿ ಇಳಿದ ರೈತರು. ಪಾಸ್‌ಪೋರ್ಟ್ ಇಲ್ಲದೆ ಮುಟ್ಟಬಹುದಾದ ಪರದೇಶ ಇದು.

‘ಚೆನ್ನಾಗಿ ನೋಡ್ತಾರಂತೆ’ ಎಂಬ ಮಾತು ಗಾಳಿಸುದ್ದಿಯಲ್ಲ. ಹತ್ತಿ ಗಿರಣಿಯ ಊರಾಗಿ ಹೆಸರು ಮಾಡಿ, ಪಂಪು, ಮೋಟಾರು, ಗ್ರೈಂಡರುಗಳಿಗೆ ಹೊರಳಿ, ಕಳೆದ ಐವತ್ತು ವರ್ಷಗಳಲ್ಲಿ ಕೊಯಮತ್ತೂರು ಆಸ್ಪತ್ರೆಗಳ ಊರೂ ಆಗಿಬಿಟ್ಟಿದೆ. ತಿರುಚ್ಚಿ ರಸ್ತೆಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ. ಅದರ ಕಾಲೇಜು ಶುರುವಾದದ್ದು 1966ರಲ್ಲಿ. ಪೀಲಮೇಡಿನಲ್ಲಿ ಪಿಎಸ್‌ಜಿ ಸಂಸ್ಥೆಯ ವೈದ್ಯಕೀಯ ಕಾಲೇಜು, 1985ರದ್ದು. ಅವಿನಾಶಿ ರಸ್ತೆಯಲ್ಲಿ 1990ರಿಂದ ಕೆಎಂಸಿಎಚ್. ಮೆಟ್ಟುಪಾಳ್ಯಂ ರಸ್ತೆಯಲ್ಲಿ ಮೂಳೆ ಮತ್ತು ಬೆನ್ನುಹುರಿಯವರ ಯಾತ್ರಾಸ್ಥಳದಂತಿರುವ ಗಂಗಾ ಆಸ್ಪತ್ರೆ, 1978ರಲ್ಲಿ ಡಾ. ಜೆ.ಜಿ. ಷಣ್ಮುಗನಾಥನ್ ಸಣ್ಣದಾಗಿ ಆರಂಭಿಸಿದ್ದು.

ಎಂಆರ್‌ಐ ಕಥೆಯಲ್ಲಿ ಗಂಗಾಕ್ಕೆ ಒಂದು ವಿಶೇಷ ಜಾಗವಿದೆ. ಬೆನ್ನುಮೂಳೆಗಳ ನಡುವಿನ ಡಿಸ್ಕಿಗೆ ಸ್ವಂತ ರಕ್ತನಾಳವಿಲ್ಲ. ಅಕ್ಕಪಕ್ಕದ ಮೂಳೆಯ ಅಂಚಿನಿಂದ ಆಹಾರ ಮೆಲ್ಲಗೆ ಜಿನುಗಿ ಬರಬೇಕು. ಹೀಗೆ ಜಿನುಗುವುದನ್ನು ಜೀವಂತ ಮನುಷ್ಯನಲ್ಲಿ ನೋಡುವುದು ಹೇಗೆ? ಅಲ್ಲಿನ ಡಾ. ಎಸ್. ರಾಜಶೇಖರನ್ ಮತ್ತು ಅವರ ತಂಡ ಗ್ಯಾಡೊಲಿನಿಯಂ ಎಂಬ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು, ಅದೇ ವ್ಯಕ್ತಿಯನ್ನು 24 ಗಂಟೆಯ ತನಕ ಮತ್ತೆ ಮತ್ತೆ ಎಂಆರ್‌ಐ ಯಂತ್ರದೊಳಗೆ ಕಳಿಸಿ ಚಿತ್ರ ತೆಗೆಯಿತು. ಔಷಧಿ ಡಿಸ್ಕಿನ ನಡುವಿಗೆ ತಲುಪಲು ನಿಮಿಷಗಳಲ್ಲ, ಗಂಟೆಗಳೇ ಬೇಕು. ಮೂಳೆಯಂಚು ಹಾಳಾದರೆ ಆ ಸರಬರಾಜೇ ಕೆಡುತ್ತದೆ ಎಂದು ತೋರಿಸಿದ ಈ ಅಧ್ಯಯನಕ್ಕೆ 2004ರಲ್ಲಿ ಸೊಂಟದ ಬೆನ್ನುಮೂಳೆ ಸಂಶೋಧನೆಯ ಅಂತರರಾಷ್ಟ್ರೀಯ ಸಂಘದ ಪ್ರಶಸ್ತಿ ಬಂತು. ಜಗತ್ತಿನ ಪಠ್ಯಪುಸ್ತಕಕ್ಕೆ ಚಿತ್ರ ಒದಗಿಸಿದ ಊರಿನಲ್ಲಿ ಒಬ್ಬ ಹಮಾಲಿಯ ಬೆನ್ನಿಗೆ ಒಳ್ಳೆಯ ಸ್ಕ್ಯಾನು ಸಿಗದೆ ಹೋಗುವ ಮಾತಿಲ್ಲ. ಎಷ್ಟಕ್ಕೆ ಸಿಗುತ್ತದೆ ಎಂಬುದು ಬೇರೆ ಮಾತು.

ಖಾಸಗಿ ಕೇಂದ್ರಗಳಲ್ಲಿ ಕಾಂಟ್ರಾಸ್ಟ್, ಅಂದರೆ ಗ್ಯಾಡೊಲಿನಿಯಂನಂಥ ಔಷಧಿ, ಇಲ್ಲದ ಸಾದಾ ಎಂಆರ್‌ಐ ಒಂದಕ್ಕೆ ಸುಮಾರು ಐದರಿಂದ ಹತ್ತು ಸಾವಿರ ರೂಪಾಯಿ. ಒಂದೇ ರಸ್ತೆಯ ಎರಡು ಬೋರ್ಡುಗಳ ನಡುವೆ ಸಾವಿರಾರು ರೂಪಾಯಿ ವ್ಯತ್ಯಾಸ ಬರುವುದೂ ಉಂಟು. ಯಂತ್ರ ಹೊಸದು, ಹಳೆಯದು ಎಂಬುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣವನ್ನು ಬೆಂಗಳೂರಿನಲ್ಲಿ ಆದಾಯ ತೆರಿಗೆ ಇಲಾಖೆ ಜಾಹೀರು ಮಾಡಿತು. 2017ರ ಕೊನೆಯಲ್ಲಿ ನಗರದ ಕೆಲವು ಡಯಾಗ್ನೋಸ್ಟಿಕ್ ಕೇಂದ್ರಗಳು ಮತ್ತು ಐವಿಎಫ್ ಕ್ಲಿನಿಕ್ಕುಗಳ ಮೇಲೆ ದಾಳಿ ಮಾಡಿದ ಮೇಲೆ ಇಲಾಖೆ ಹೇಳಿದ್ದಿಷ್ಟು: ರೋಗಿಯನ್ನು ಕಳಿಸಿಕೊಟ್ಟ ವೈದ್ಯರಿಗೆ ಎಂಆರ್‌ಐ ಆದರೆ ಶೇ 35, ಸಿಟಿ ಸ್ಕ್ಯಾನ್ ಮತ್ತು ಲ್ಯಾಬ್ ಪರೀಕ್ಷೆಯಾದರೆ ಶೇ 20ರಂತೆ ಕಮಿಷನ್ ಸಂದಾಯವಾಗುತ್ತಿತ್ತು, ಲೆಕ್ಕದ ಪುಸ್ತಕದಲ್ಲಿ ಅದು ಮಾರ್ಕೆಟಿಂಗ್ ವೆಚ್ಚ. ವೈದ್ಯರು ಹೀಗೆ ಪಾಲು ಪಡೆಯುವುದನ್ನು ವೈದ್ಯಕೀಯ ಮಂಡಳಿಯ 2002ರ ನೀತಿಸಂಹಿತೆ ಸ್ಪಷ್ಟವಾಗಿ ನಿಷೇಧಿಸಿದೆ. ಆರು ಸಾವಿರದ ಸ್ಕ್ಯಾನಿನಲ್ಲಿ ಶೇ 35 ಎಂದರೆ 2,100 ರೂಪಾಯಿ. ರೋಗಿ ಆ ಹಣವನ್ನು ಕೊಡುವುದು ಚಿತ್ರಕ್ಕೂ ಅಲ್ಲ, ಓದಿದವರಿಗೂ ಅಲ್ಲ.

ಎಲ್ಲ ಊರಿನ ಎಲ್ಲ ಕೇಂದ್ರಗಳೂ ಹೀಗೇ ಎನ್ನುವುದು ಅನ್ಯಾಯ. ಆದರೆ ಚೀಟಿ ಹಿಡಿದು, ಅದರಲ್ಲಿ ಬರೆದ ಕೇಂದ್ರಕ್ಕೇ ನೇರ ಹೋಗುವ ಹೊರಗಿನವನು ಹೆಚ್ಚು ತೆರುವ ಸಾಧ್ಯತೆಯನ್ನು ಈ ಲೆಕ್ಕ ವಿವರಿಸುತ್ತದೆ. ನಾಲ್ಕು ಕಡೆ ಫೋನ್ ಮಾಡಿ, ‘ನಾವೇ ಬರುತ್ತಿದ್ದೇವೆ, ಎಷ್ಟಾಗುತ್ತದೆ?’ ಎಂದು ಕೇಳಿದರೆ ಹೇಳುವ ರೇಟು ಇಳಿಯುವುದುಂಟು. ತಡರಾತ್ರಿ ಅಥವಾ ನಸುಕಿನ ಪಾಳಿಗೆ ಒಪ್ಪಿದರೆ ಮತ್ತಷ್ಟು ಇಳಿಯಬಹುದು. ಅದಕ್ಕೆ ಯಂತ್ರದ ಸ್ವಭಾವವೇ ಕಾರಣ. ಸಾಮಾನ್ಯ ಎಂಆರ್‌ಐಯ ಹೊಟ್ಟೆಯಲ್ಲಿರುವ ಅಯಸ್ಕಾಂತದ ಸುರುಳಿಯನ್ನು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿಸಿಡುತ್ತಾರೆ. ಒಳಗೆ ರೋಗಿ ಇದ್ದರೂ ಇಲ್ಲದಿದ್ದರೂ ಅಯಸ್ಕಾಂತ ಆರುವುದಿಲ್ಲ, ತಂಪು ಮಾಡುವ ಯಂತ್ರ ನಿಲ್ಲುವುದಿಲ್ಲ, ಬ್ಯಾಂಕಿನ ಕಂತೂ ನಿಲ್ಲುವುದಿಲ್ಲ. ಖಾಲಿ ಗಂಟೆಯೆಂದರೆ ಶುದ್ಧ ನಷ್ಟ. ಹೀಗಾಗಿ ರಾತ್ರಿ ಎರಡಕ್ಕೆ ಬರುವ ರೋಗಿಗೆ ರಿಯಾಯಿತಿ ಕೊಟ್ಟರೂ ಮಾಲೀಕನಿಗೆ ಗಿಟ್ಟುತ್ತದೆ. ಘಾಟಿಯ ಗೇಟು ಹಾಕುವುದರಿಂದ ಹೇಗೂ ಊರಲ್ಲೇ ಉಳಿಯಬೇಕಾದವರು ಈ ಲೆಕ್ಕವನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳಬಹುದು.

ಇಷ್ಟೆಲ್ಲ ಚೌಕಾಸಿ ಬೇಡವೆನ್ನುವವರಿಗೆ ಇನ್ನೊಂದು ಬಾಗಿಲಿದೆ. ಹೊರಗಿನಿಂದ ಬಂದವರು ಬಹುಪಾಲು ಅದನ್ನು ತಟ್ಟುವುದೇ ಇಲ್ಲ. ತಮಿಳುನಾಡು ಸರ್ಕಾರ 1994ರಲ್ಲಿ ಸ್ಥಾಪಿಸಿದ ವೈದ್ಯಕೀಯ ಸೇವಾ ನಿಗಮ, ಅಂದರೆ ಟಿಎನ್‌ಎಂಎಸ್‌ಸಿ, ಔಷಧಿಗಳನ್ನು ಸಗಟಾಗಿ ಕೊಳ್ಳುವುದಕ್ಕೆ ದೇಶದಲ್ಲೆಲ್ಲ ಹೆಸರುವಾಸಿ. ಸರ್ಕಾರಿ ಆಸ್ಪತ್ರೆಗಳೊಳಗಿನ ಸ್ಕ್ಯಾನ್ ಕೇಂದ್ರಗಳನ್ನು ನಡೆಸುವುದೂ ಅದೇ. ಅಲ್ಲಿ ಸಿಟಿ ಸ್ಕ್ಯಾನಿಗೆ 500 ರೂಪಾಯಿ, ಸಾದಾ ಎಂಆರ್‌ಐಗೆ 2,500 ರೂಪಾಯಿ ಎಂಬ ದರ ಬಹುಕಾಲದಿಂದ ನಡೆದುಬಂದಿದೆ. ಕಾಂಟ್ರಾಸ್ಟ್ ಬೇಕಾದರೆ ಅದಕ್ಕೆ ಬೇರೆ. ಖಾಸಗಿಯ ಅರ್ಧ ಬೆಲೆ, ಕೆಲವು ಕಡೆಗೆ ಹೋಲಿಸಿದರೆ ಕಾಲು ಭಾಗ. ಅಲ್ಲಿನ ವರದಿಗೆ ಸಹಿ ಮಾಡುವವರು ವೈದ್ಯಕೀಯ ಕಾಲೇಜಿನ ರೇಡಿಯಾಲಜಿಸ್ಟುಗಳು; ದಿನವಿಡೀ ಕಷ್ಟದ ಪ್ರಕರಣಗಳನ್ನೇ ನೋಡಿ ಪಳಗಿದ ಕಣ್ಣು.

ಹಾಗಿದ್ದೂ ಜನ ಏಕೆ ಹೋಗುವುದಿಲ್ಲ? ಸರದಿ ಉದ್ದ, ನಿಜ. ಆ ಆಸ್ಪತ್ರೆಯ ಹೊರರೋಗಿ ಚೀಟಿ ಮಾಡಿಸಬೇಕು, ಅಲ್ಲಿನ ವೈದ್ಯರೇ ಸ್ಕ್ಯಾನ್ ಬೇಕೆಂದು ಬರೆಯಬೇಕು, ದಿನಾಂಕ ಕೊಟ್ಟಾಗ ಮತ್ತೆ ಬರಬೇಕು. ದಿನಗೂಲಿಯವರಿಗೆ ಎರಡು ದಿನದ ಕೂಲಿ ಹೋಯಿತೆಂದರೆ ಉಳಿದ ದುಡ್ಡಿನಲ್ಲಿ ಒಂದು ಪಾಲು ಅಲ್ಲೇ ಕರಗಿತು. ಅದಕ್ಕಿಂತ ದೊಡ್ಡದು ಅಂಜಿಕೆ. ಭಾಷೆ ಬಾರದ ಊರಿನ ದೊಡ್ಡಾಸ್ಪತ್ರೆಯಲ್ಲಿ ಯಾರನ್ನು ಏನು ಕೇಳುವುದು? ಖಾಸಗಿಯಲ್ಲಾದರೆ ದುಡ್ಡು ಕೊಟ್ಟರಾಯಿತು, ಮಾತು ಬೇಕಿಲ್ಲ. ಹೀಗೆ ಭಾಷೆ ಬಾರದ್ದಕ್ಕೆ ತೆರುವ ದಂಡವನ್ನು ಯಾವ ಬಿಲ್ಲೂ ಬೇರೆ ಸಾಲಿನಲ್ಲಿ ತೋರಿಸುವುದಿಲ್ಲ. ತಿರುಪ್ಪೂರಿನವರಿಗಂತೂ 2022ರ ಜನವರಿಯಲ್ಲಿ ಉದ್ಘಾಟನೆಯಾದ ಹನ್ನೊಂದು ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಒಂದು ತಮ್ಮ ಊರಿಗೇ ಬಂದಿದೆ. ಕೊಯಮತ್ತೂರಿನ ಬಸ್ಸು ಹತ್ತುವ ಮುಂಚೆ ಅಲ್ಲೊಮ್ಮೆ ವಿಚಾರಿಸುವುದು ಜಾಣತನ.

ತಿರುಪ್ಪೂರಿನ ಕಾರ್ಮಿಕರ ವಿಷಯದಲ್ಲಿ ಇನ್ನೂ ಸಿಟ್ಟು ಬರಿಸುವ ಸಂಗತಿಯೊಂದಿದೆ. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳ ಪಡೆಯುವ ಕಾರ್ಖಾನೆ ಕಾರ್ಮಿಕರಿಗೆ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಇದೆ. 2019ರ ಜುಲೈಯಿಂದ ಕಾರ್ಮಿಕನ ಪಾಲು ಸಂಬಳದ ಶೇ 0.75, ಮಾಲೀಕನದು ಶೇ 3.25. ಇಎಸ್‌ಐ ವೈದ್ಯರು ಬರೆದುಕೊಟ್ಟರೆ ಎಂಆರ್‌ಐಗೆ ಕಾರ್ಮಿಕ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ಇಎಸ್‌ಐನ ದೊಡ್ಡ ಆಸ್ಪತ್ರೆಯೂ ಅದಕ್ಕೆ ಹೊಂದಿಕೊಂಡ ವೈದ್ಯಕೀಯ ಕಾಲೇಜೂ ಇದೆ. ತಿರುಪ್ಪೂರಿನಲ್ಲೇ 100 ಹಾಸಿಗೆಯ ಇಎಸ್‌ಐ ಆಸ್ಪತ್ರೆಗೆ 2019ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿತ್ತು. ಆದರೆ ಪೀಸ್ ರೇಟಿನಲ್ಲಿ, ಕಂಟ್ರಾಕ್ಟರನ ಕೆಳಗೆ, ವಾರದ ಬಟವಾಡೆಗೆ ದುಡಿಯುವ ಎಷ್ಟೋ ಮಂದಿಯ ಹೆಸರು ಆ ಪಟ್ಟಿಗೆ ಏರಿರುವುದೇ ಇಲ್ಲ. ಏರಿದ್ದರೂ ತಮ್ಮ ಇಎಸ್‌ಐ ನಂಬರು ಯಾವುದೆಂದು ಗೊತ್ತಿರುವುದಿಲ್ಲ. ಸಂಬಳದ ಚೀಟಿಯಲ್ಲಿ ಕಡಿತ ಮಾತ್ರ ಕಾಣುತ್ತದೆ. ಸೊಂಟ ಹಿಡಿದುಕೊಂಡ ಹೊಲಿಗೆಯವಳು ಮೊದಲು ಹುಡುಕಬೇಕಾದದ್ದು ಸ್ಕ್ಯಾನ್ ಸೆಂಟರನ್ನಲ್ಲ, ಆ ನಂಬರನ್ನು. ಮನೆಯವರು ಕರ್ನಾಟಕದಲ್ಲೇ ಇದ್ದರೂ ಅವಲಂಬಿತರಾಗಿ ನೋಂದಾಯಿಸಿದ್ದರೆ ಅಲ್ಲಿನ ಇಎಸ್‌ಐಯಲ್ಲಿ ತೋರಿಸಿಕೊಳ್ಳಬಹುದು.

ಕಾರ್ಡುಗಳ ವಿಷಯಕ್ಕೆ ಬಂದರೆ ಆಸೆಯೂ ದೊಡ್ಡದು, ನಿರಾಸೆಯೂ ದೊಡ್ಡದು. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯ ಚಿಕಿತ್ಸೆ, ಅದೂ ಯಾವ ರಾಜ್ಯದ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಾದರೂ. ಇದನ್ನು ಕೇಳಿದವರು ಕಾರ್ಡು ಹಿಡಿದು ಸ್ಕ್ಯಾನ್ ಸೆಂಟರಿಗೆ ಹೋಗುತ್ತಾರೆ, ಅಲ್ಲಿನವರು ತಲೆಯಾಡಿಸಿ ವಾಪಸು ಕಳಿಸುತ್ತಾರೆ. ಏಕೆಂದರೆ ಯೋಜನೆ ಇರುವುದು ಒಳರೋಗಿಗಳಿಗೆ. ದಾಖಲಾತಿಗೆ ಮುಂಚಿನ 3 ದಿನ ಮತ್ತು ಬಿಡುಗಡೆಯ ನಂತರದ 15 ದಿನದ ಪರೀಕ್ಷೆಗಳು ಪ್ಯಾಕೇಜಿನೊಳಗೆ ಬರುತ್ತವೆ. ಬರೀ ನೋವೇನೆಂದು ತಿಳಿಯಲು ನಡೆದುಬಂದು ಮಾಡಿಸುವ ಎಂಆರ್‌ಐ ಬರುವುದಿಲ್ಲ. ಕಾಯಿಲೆ ಖಚಿತವಾದ ಮೇಲೆ ತೆರೆಯುವ ಬಾಗಿಲು, ಖಚಿತ ಮಾಡಿಕೊಳ್ಳುವ ಖರ್ಚನ್ನು ಹೊರಗೇ ಬಿಟ್ಟಿದೆ. ಬಡವರ ವಿಮೆಯಲ್ಲಿ ಇದು ದೊಡ್ಡ ತೂತು.

ತಮಿಳುನಾಡಿನ ಮುಖ್ಯಮಂತ್ರಿಗಳ ವಿಮಾ ಯೋಜನೆ ಈ ತೂತನ್ನು ಒಂದಿಷ್ಟು ಮುಚ್ಚುತ್ತದೆ. ರೋಗ ಪತ್ತೆಯ ಕೆಲವು ಪರೀಕ್ಷೆಗಳು ಅದರ ಪಟ್ಟಿಯಲ್ಲೇ ಇವೆ. ವಲಸಿಗರಿಗೆ ಮುಖ್ಯವಾದ ವಿಷಯ ಏನೆಂದರೆ, ಬೇರೆ ರಾಜ್ಯದಿಂದ ಬಂದು ಆರು ತಿಂಗಳಿಗೂ ಹೆಚ್ಚು ಕಾಲ ತಮಿಳುನಾಡಿನಲ್ಲಿರುವ ಕಾರ್ಮಿಕರು ಕಾರ್ಮಿಕ ಇಲಾಖೆಯ ವರದಿ ತಂದರೆ ಆದಾಯದ ಮಿತಿಯಿಲ್ಲದೆ ಯೋಜನೆಗೆ ಸೇರಬಹುದು. ಈ ನಿಯಮ ತಿರುಪ್ಪೂರಿನ ಲೇಬರ್ ಲೈನುಗಳ ಗೋಡೆ ಮೇಲೆ ಕನ್ನಡ, ಹಿಂದಿ, ಒಡಿಯಾದಲ್ಲಿ ಬರೆದಿರಬೇಕಾದಂಥದ್ದು.

ತಾಳವಾಡಿಯವರದು ಇನ್ನೂ ವಿಚಿತ್ರ ಪಾಡು. ರಾಜ್‌ಕುಮಾರ್ ಹುಟ್ಟಿದ ಗಾಜನೂರಿರುವ ಸೀಮೆ ಅದು. ಹಿಂದೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು, 1979ರಿಂದ ಈರೋಡ್ ಜಿಲ್ಲೆಯಲ್ಲಿದೆ. ಮನೆಯಲ್ಲಿ ಕನ್ನಡ, ಸಂತೆಗೆ ಚಾಮರಾಜನಗರ. ಜಿಲ್ಲಾಸ್ಪತ್ರೆಯೂ ವೈದ್ಯಕೀಯ ಕಾಲೇಜೂ ಅಲ್ಲೇ ಹತ್ತಿರ. ಆದರೆ ರೇಷನ್ ಕಾರ್ಡು, ವಿಮೆಯ ಕಾರ್ಡು ತಮಿಳುನಾಡಿನವು. ಪುಕ್ಕಟೆ ಸಿಗುವುದು ಘಾಟಿಯ ಕೆಳಗೆ, ಹತ್ತಿರ ಸಿಗುವುದು ಗಡಿಯ ಆಚೆ. ನೋವಿನವರನ್ನು ಮಲಗಿಸಿಕೊಂಡು ಯಾವ ಕಡೆಗೆ ಗಾಡಿ ತಿರುಗಿಸುವುದೆಂದು ಅಲ್ಲಿನ ಮನೆಗಳಲ್ಲಿ ನಡೆಯುವ ಚರ್ಚೆಯಲ್ಲಿ ಕಾಯಿಲೆಯಷ್ಟೇ ಕಾರ್ಡೂ ಮಾತಾಡುತ್ತದೆ.

ಅಗ್ಗ ಸಿಕ್ಕಿತು ಎಂದುಕೊಳ್ಳೋಣ. ನಂಬಬಹುದೇ?

ಮೊದಲು ಯಂತ್ರ. ಅಯಸ್ಕಾಂತದ ಶಕ್ತಿಯನ್ನು ಟೆಸ್ಲಾ ಲೆಕ್ಕದಲ್ಲಿ ಹೇಳುತ್ತಾರೆ. 1.5 ಟೆಸ್ಲಾ ಎಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30 ಸಾವಿರ ಪಟ್ಟು. ಬೆನ್ನು, ಮಂಡಿ, ಮೆದುಳಿನ ಬಹುಪಾಲು ಪ್ರಶ್ನೆಗಳಿಗೆ ಇದು ಧಾರಾಳ ಸಾಕು. 3 ಟೆಸ್ಲಾ ಯಂತ್ರ ಸಣ್ಣ ನರ, ಅಪಸ್ಮಾರದ ಮೂಲ, ಕೀಲಿನ ಮೃದ್ವಸ್ಥಿಯಂಥ ಸೂಕ್ಷ್ಮ ಹುಡುಕಾಟಕ್ಕೆ ಒಳ್ಳೆಯದು. ಆದರೆ ಮೈಯೊಳಗೆ ಸ್ಕ್ರೂ, ಪ್ಲೇಟು ಇದ್ದವರಲ್ಲಿ ಅದೇ ಶಕ್ತಿ ಚಿತ್ರವನ್ನು ಹೆಚ್ಚು ಕೆಡಿಸುತ್ತದೆ. ಎಚ್ಚರ ಬೇಕಾದದ್ದು ಅರ್ಧ ಟೆಸ್ಲಾಕ್ಕೂ ಕಡಿಮೆಯ ಹಳೇ ‘ಓಪನ್’ ಯಂತ್ರಗಳ ಬಗ್ಗೆ. ಗುಹೆಯೊಳಗೆ ಉಸಿರುಕಟ್ಟುತ್ತದೆ ಎನ್ನುವವರಿಗೆ ಅವು ಅನುಕೂಲ, ಬೆಲೆಯೂ ಕಡಿಮೆ. ಆದರೆ ಚಿತ್ರ ಮಸುಕಾಗಿ, ಶಸ್ತ್ರಚಿಕಿತ್ಸಕರು ಇನ್ನೊಮ್ಮೆ ತೆಗೆಸಿ ಎಂದರೆ ಅಗ್ಗದ್ದು ಎರಡು ಪಟ್ಟಾಯಿತು. ಫೋನಿನಲ್ಲಿ ರೇಟಿನ ಜೊತೆ ‘ಎಷ್ಟು ಟೆಸ್ಲಾ?’ ಎಂದೂ ಕೇಳಿದರೆ ಆಚೆ ಕಡೆಯ ದನಿ ತುಸು ನೆಟ್ಟಗಾಗುತ್ತದೆ.

ಯಂತ್ರಕ್ಕಿಂತ ಮುಖ್ಯ, ಚೀಟಿಯಲ್ಲಿ ಏನು ಬರೆದಿದೆ ಎಂಬುದು. ‘ಬೆನ್ನುನೋವು’ ಎಂದಷ್ಟೇ ಇದ್ದರೆ ತಂತ್ರಜ್ಞರು ಮಾಮೂಲಿ ಚಿತ್ರ ತೆಗೆದು ಕಳಿಸುತ್ತಾರೆ. ‘ಎರಡು ತಿಂಗಳಿಂದ ನೋವು, ಸಂಜೆ ಜ್ವರ, ತೂಕ ಇಳಿದಿದೆ’ ಎಂದಿದ್ದರೆ ಬೆನ್ನುಮೂಳೆಯ ಕ್ಷಯದ ಅನುಮಾನ ಬರುತ್ತದೆ. ಆಗ ಇಡೀ ಬೆನ್ನುಮೂಳೆಯನ್ನು ಒಮ್ಮೆ ನೋಡಬೇಕು, ಕಾಂಟ್ರಾಸ್ಟ್ ಬೇಕಾಗಬಹುದು, ಅದಕ್ಕೆ ಮೊದಲು ಮೂತ್ರಪಿಂಡ ಸರಿಯಿದೆಯೇ ಎಂದು ಕ್ರಿಯಾಟಿನಿನ್ ಪರೀಕ್ಷೆ ಆಗಬೇಕು. ಈ ಮಾಹಿತಿ ಇರುವುದು ರೋಗಿಯ ಬಾಯಲ್ಲಿ. ಕನ್ನಡದಲ್ಲಿ ಹೇಳಿದ್ದು ತಮಿಳಿನ ವೈದ್ಯರಿಗೆ ಅರ್ಧ ಅರ್ಥವಾಗಿ, ಚೀಟಿಯ ಮೇಲೆ ಕಾಲು ಭಾಗ ಇಳಿದರೆ, ಎಂಥ ಯಂತ್ರವೂ ಆ ಮುಕ್ಕಾಲನ್ನು ಊಹಿಸಲಾರದು. ಊರಿನ ವೈದ್ಯರಿಂದಲೇ ನಾಲ್ಕು ಸಾಲಿನ ಪತ್ರ ಬರೆಸಿಕೊಂಡು ಹೊರಡುವುದು ಇಲ್ಲಿ ತಮಿಳು ಕಲಿತಷ್ಟೇ ಉಪಯೋಗಕ್ಕೆ ಬರುತ್ತದೆ.

ಆಮೇಲೆ ವರದಿ. ಇದರ ಬಗ್ಗೆ ಅಮೆರಿಕದಿಂದ ಬಂದ ಒಂದು ಅಧ್ಯಯನ ದಿಗಿಲು ಹುಟ್ಟಿಸುವಂತಿದೆ. ಸೊಂಟದಿಂದ ಬಲಗಾಲಿಗೆ ನೋವು ಇಳಿಯುತ್ತಿದ್ದ 63 ವರ್ಷದ ಒಬ್ಬ ಮಹಿಳೆಯನ್ನು ಮೂರು ವಾರದೊಳಗೆ ಹತ್ತು ಬೇರೆ ಬೇರೆ ಕೇಂದ್ರಗಳಿಗೆ ಕಳಿಸಿ ಎಂಆರ್‌ಐ ಮಾಡಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹತ್ತು ವರದಿಗಳಲ್ಲಿ ಒಟ್ಟು 49 ಬೇರೆ ಬೇರೆ ದೋಷಗಳು ದಾಖಲಾಗಿದ್ದವು. ಹತ್ತೂ ವರದಿಗಳು ಒಪ್ಪಿದ ದೋಷ ಒಂದೂ ಇರಲಿಲ್ಲ. ಬೆನ್ನು ಒಂದೇ, ಓದಿದ ಕಣ್ಣು ಹತ್ತು. ಇದು ಕೊಯಮತ್ತೂರಿನ ಮಾತಲ್ಲ, ಅಮೆರಿಕದ್ದು. ಅಲ್ಲೇ ಹೀಗಿದ್ದರೆ, ಗಂಟೆಗೊಂದು ರಾಶಿ ವರದಿ ಬರೆಯಬೇಕಾದ ಅಗ್ಗದ ಕೇಂದ್ರವೊಂದರಲ್ಲಿ ಹೇಗಿರಬಹುದು ಎಂದು ಯೋಚಿಸಬೇಕಾಗುತ್ತದೆ. ಬೆನ್ನುಮೂಳೆಯ ಚಿತ್ರವನ್ನೇ ನಿತ್ಯ ಓದುವ ರೇಡಿಯಾಲಜಿಸ್ಟ್, ಅಥವಾ ವರದಿಯನ್ನು ಪಕ್ಕಕ್ಕಿಟ್ಟು ತಾವೇ ಚಿತ್ರ ನೋಡುವ ಶಸ್ತ್ರಚಿಕಿತ್ಸಕ, ಇವರಿಬ್ಬರಲ್ಲಿ ಒಬ್ಬರಾದರೂ ಸಿಗುವ ಕಡೆ ಐನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಓದಿದ್ದು ಸರಿಯಿದ್ದರೂ ಅದು ನೋವಿನ ಕಾರಣವೇ ಆಗಿರಬೇಕೆಂದಿಲ್ಲ. 1994ರಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯ ಎಂಆರ್‌ಐ ತೆಗೆದು ನೋಡಿದಾಗ ಶೇ 52 ಮಂದಿಯಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು. ‘ಎಲ್4–ಎಲ್5 ಬಲ್ಜ್’ ಎಂಬ ಸಾಲು ಕಂಡ ಕೂಡಲೇ ಜಮೀನು ಅಡವಿಡುವ ಯೋಚನೆ ಮಾಡುವವರಿಗೆ ಇದನ್ನು ಯಾರಾದರೂ ಹೇಳಬೇಕು. ಸಾಮಾನ್ಯ ಸೊಂಟನೋವು ಆರು ವಾರದೊಳಗೆ ಬಹುಪಾಲು ಇಳಿಯುತ್ತದೆ. ಅಲ್ಲಿಯವರೆಗೆ ಸ್ಕ್ಯಾನೇ ಬೇಡವೆನ್ನುತ್ತವೆ ವೈದ್ಯಕೀಯ ಮಾರ್ಗಸೂಚಿಗಳು. ಕಾಲಿನ ಬಲ ಕುಗ್ಗುವುದು, ಮೂತ್ರದ ಹಿಡಿತ ತಪ್ಪುವುದು, ಕೂರುವ ಜಾಗ ಮರಗಟ್ಟುವುದು, ಜ್ವರ, ಹಿಂದೆ ಕ್ಯಾನ್ಸರ್ ಇದ್ದದ್ದು: ಇವು ಬೇರೆ. ಆಗ ರೇಟು ಕೇಳುತ್ತ ಕೂರಬಾರದು, ಹತ್ತಿರದ ಯಂತ್ರವೇ ಸರಿಯಾದ ಯಂತ್ರ.

ಕೊಯಮತ್ತೂರಿನಲ್ಲಿ ಎಂಆರ್‌ಐ ಕೋಣೆಯ ಬಾಗಿಲಲ್ಲಿ ಕೇಳುವ ಒಂದು ಪ್ರಶ್ನೆಗೆ ಆ ಊರಿನದೇ ತೂಕವಿದೆ: ‘ಕಣ್ಣಿಗೆ ಯಾವತ್ತಾದರೂ ಕಬ್ಬಿಣದ ಚೂರು ಹಾರಿತ್ತಾ?’ ಲೇತ್, ಗ್ರೈಂಡಿಂಗ್, ಫೌಂಡ್ರಿಗಳ ಊರು. ಎಂದೋ ಸಿಡಿದು ಕಣ್ಣಲ್ಲಿ ಉಳಿದ ಕೂದಲೆಳೆಯಷ್ಟು ಉಕ್ಕು ಅಯಸ್ಕಾಂತದ ಬಳಿ ಸರಿದಾಡಿದರೆ ದೃಷ್ಟಿಯೇ ಹೋಗಬಹುದು. ಅನುಮಾನವಿದ್ದರೆ ಮೊದಲು ಕಣ್ಣಿನ ಗುಳಿಯ ಎಕ್ಸ್-ರೇ ತೆಗೆಯುತ್ತಾರೆ. ಹತ್ತು ವರ್ಷ ಪಂಪಿನ ಕಾರ್ಖಾನೆಯಲ್ಲಿ ದುಡಿದು ಊರಿಗೆ ಮರಳಿದವನು ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸುವಾಗಲೂ ಇದನ್ನು ತಾನಾಗಿಯೇ ಹೇಳಬೇಕು. ಪೇಸ್‌ಮೇಕರ್, ಮೆದುಳಿನ ಕ್ಲಿಪ್, ಕಿವಿಯ ಇಂಪ್ಲಾಂಟ್ ಇದ್ದವರೂ ಅಷ್ಟೇ. ಒಡವೆಯ ಗಲಾಟೆ ಬೇರೆ ಥರದ್ದು. ಅಪ್ಪಟ ಚಿನ್ನವನ್ನು ಅಯಸ್ಕಾಂತ ಎಳೆಯದು ನಿಜ. ಆದರೆ ಬೆರಕೆ ಲೋಹ ಕಾಯಬಹುದು, ಚಿತ್ರ ಕೆಡಬಹುದು. ತಾಳಿ, ಕಾಲುಂಗುರ, ಉಡಿದಾರದ ಬೆಳ್ಳಿ, ತೋಳಿನ ತಾಯತ ಎಲ್ಲ ಹೊರಗೆ. ತಾಳಿ ಬಿಚ್ಚಲು ಒಪ್ಪದ ಅಜ್ಜಿಯರಿಗೆ ಒಂದು ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿ ಒಳಗೆ ಕಳಿಸುವ ಉಪಾಯ ಮನೆಯವರಿಗೆ ಗೊತ್ತಿದ್ದರೆ ಸರದಿ ತಪ್ಪುವುದಿಲ್ಲ. ಇದು ಬರೀ ಶಾಸ್ತ್ರದ ಕಟ್ಟುನಿಟ್ಟಲ್ಲ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಹೋದ ರೋಗಿಯ ಸಂಬಂಧಿಯೊಬ್ಬರು ಸಿಲಿಂಡರಿನ ಸಮೇತ ಯಂತ್ರಕ್ಕೆ ಸೆಳೆಯಲ್ಪಟ್ಟು ಸತ್ತರು.

ನಿಜವಾದ ಪರದೇಶದಲ್ಲಿರುವವರೂ ಇದೇ ಅವಿನಾಶಿ ರಸ್ತೆಗೆ ಬರುತ್ತಾರೆ. ಶಾರ್ಜಾ, ಸಿಂಗಪುರಗಳಿಂದ ಕೊಯಮತ್ತೂರಿಗೆ ನೇರ ವಿಮಾನವಿದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಸ್ಕ್ಯಾನಿಗೆ ಕಾಸಿಲ್ಲ, ಆದರೆ ಸರದಿ ಕಾಯಬೇಕು; ಆರು ವಾರದೊಳಗೆ ಮಾಡಬೇಕೆಂಬುದು ಅಲ್ಲಿನ ಗುರಿ. ಅಮೆರಿಕದಲ್ಲಿ ಬೇಗ ಆಗುತ್ತದೆ, ಬಿಲ್ಲು ನಡುಗಿಸುತ್ತದೆ. 2021ರ ಜನವರಿ 1ರಿಂದ ಆಸ್ಪತ್ರೆಗಳು ತಮ್ಮ ದರಗಳನ್ನು ಬಹಿರಂಗಪಡಿಸಲೇಬೇಕೆಂಬ ನಿಯಮ ಬಂದದ್ದೇ ಅದಕ್ಕೆ. ಹೀಗಾಗಿ ರಜೆಗೆ ಬಂದ ಕನ್ನಡ ಕುಟುಂಬಗಳು ಮದುವೆ, ಮುಂಜಿ, ಹಲ್ಲಿನ ಡಾಕ್ಟರ ಜೊತೆ ಒಂದು ಎಂಆರ್‌ಐಯನ್ನೂ ಪಟ್ಟಿಗೆ ಸೇರಿಸಿಕೊಳ್ಳುತ್ತವೆ. ಒಸಿಐ ಕಾರ್ಡಿದ್ದವರಿಗೆ ವೀಸಾದ ತೊಡಕಿಲ್ಲ. ಉಳಿದ ವಿದೇಶಿ ಪ್ರಜೆಗಳಿಗೆ ವೈದ್ಯಕೀಯ ಇ-ವೀಸಾ ಇದೆ. ಇವರಿಗೆ ಹಣ ಸಮಸ್ಯೆಯಲ್ಲ. ಇಲ್ಲಿ ತೆಗೆದ ಚಿತ್ರವನ್ನು ಅಲ್ಲಿನ ವೈದ್ಯರು ಒಪ್ಪುತ್ತಾರೆಯೇ ಎಂಬುದೇ ಪ್ರಶ್ನೆ.

ಚಿತ್ರಕ್ಕೆ ಗಡಿಯಿಲ್ಲ. 2002ರಲ್ಲಿ ಬೆಂಗಳೂರಿನಲ್ಲಿ ಡಾ. ಅರ್ಜುನ್ ಕಲ್ಯಾಣಪುರ ಮತ್ತು ಡಾ. ಸುನೀತಾ ಮಹೇಶ್ವರಿ ಶುರುಮಾಡಿದ ಟೆಲಿರೇಡಿಯಾಲಜಿ ಸಂಸ್ಥೆ ಅಮೆರಿಕದ ಆಸ್ಪತ್ರೆಗಳ ನಡುರಾತ್ರಿಯ ಸ್ಕ್ಯಾನುಗಳನ್ನು ಬೆಂಗಳೂರಿನ ಹಗಲಿನಲ್ಲಿ ಓದಿ ವರದಿ ಕಳಿಸುತ್ತ ಬಂದಿದೆ. ಅಲ್ಲಿಂದ ಇಲ್ಲಿಗೆ ಬರುವ ಚಿತ್ರ ಇಲ್ಲಿಂದ ಅಲ್ಲಿಗೂ ಹೋಗಬಲ್ಲದು. ಅದಕ್ಕೆ ಬೇಕಾದದ್ದು ಡೈಕಾಮ್ ಎಂಬ ಜಾಗತಿಕ ಮಾದರಿಯ ಕಡತ. ದೊಡ್ಡ ಲಕೋಟೆಯಲ್ಲಿ ಕೊಡುವ ಕಪ್ಪು ಫಿಲ್ಮುಗಳು ನೂರಾರು ಚಿತ್ರಗಳಲ್ಲಿ ಆಯ್ದ ಕೆಲವು ಮಾತ್ರ. ಇನ್ನೊಬ್ಬ ವೈದ್ಯ ಸ್ವಂತ ಕಣ್ಣಲ್ಲಿ ಪರೀಕ್ಷಿಸಲು ಸಿ.ಡಿ. ಅಥವಾ ಡೌನ್‌ಲೋಡ್ ಲಿಂಕಿನಲ್ಲಿರುವ ಪೂರ್ತಿ ಕಡತವೇ ಬೇಕು. ಶಾರ್ಜಾಕ್ಕೆ ಹಾರುವ ಎಂಜಿನಿಯರಿಗೂ, ಕೊಳ್ಳೇಗಾಲದ ಬಸ್ಸಿಗೆ ಓಡುವ ರೈತನಿಗೂ ಇಲ್ಲಿ ವ್ಯತ್ಯಾಸವಿಲ್ಲ. ಆದರೆ ಮೊದಲನೆಯವರು ಕೇಳಿ ಪಡೆಯುತ್ತಾರೆ. ಎರಡನೆಯವರಿಗೆ ಕೇಳಬಹುದೆಂದೇ ತಿಳಿದಿರುವುದಿಲ್ಲ, ಲಕೋಟೆ ಮಾತ್ರ ಹಿಡಿದು ಹೊರಡುತ್ತಾರೆ. ಮೈಸೂರಿನ ತಜ್ಞರು ‘ಸಿ.ಡಿ. ಎಲ್ಲಿ?’ ಎಂದಾಗ ಮತ್ತೊಮ್ಮೆ ಸ್ಕ್ಯಾನು, ಮತ್ತೊಮ್ಮೆ ದುಡ್ಡು.

ಯಂತ್ರವೇ ಅಗ್ಗವಾಗುವ ಸೂಚನೆಯೂ ಇದೆ. ವೋಕ್ಸೆಲ್‌ಗ್ರಿಡ್ಸ್ ಎಂಬ ಬೆಂಗಳೂರಿನ ಕಂಪನಿ ಅಭಿವೃದ್ಧಿಪಡಿಸಿದ ದೇಶೀಯ 1.5 ಟೆಸ್ಲಾ ಎಂಆರ್‌ಐಯನ್ನು 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಲೋಕಾರ್ಪಣೆ ಮಾಡಿತು. ಆಮದು ಯಂತ್ರಕ್ಕಿಂತ ಹಗುರ, ಹೊರಗಿನಿಂದ ತರಿಸುವ ಹೀಲಿಯಂನ ಹಂಗೂ ತಪ್ಪಬೇಕೆಂಬುದು ಅದನ್ನು ಕಟ್ಟಿದವರ ಗುರಿ. ಅಂಥದ್ದೊಂದು ಚಾಮರಾಜನಗರಕ್ಕೋ ಸತ್ಯಮಂಗಲಕ್ಕೋ ಬಂದು ಕೂರುವ ತನಕ, ದಿಂಬಂನ ಗೇಟು ತೆರೆಯುವ ಹೊತ್ತಿಗೆ ಹೊರಡುವವರು ಊರಿನ ವೈದ್ಯರ ಪತ್ರ, ಹಳೆಯ ಎಕ್ಸ್-ರೇ, ಕ್ರಿಯಾಟಿನಿನ್ ವರದಿ, ಇಎಸ್‌ಐ ಅಥವಾ ವಿಮೆಯ ಕಾರ್ಡುಗಳನ್ನು ಒಂದೇ ಚೀಲಕ್ಕೆ ಹಾಕಿಕೊಂಡು, ತಿರುಚ್ಚಿ ರಸ್ತೆಯ ಸರ್ಕಾರಿ ಆಸ್ಪತ್ರೆಯ ಹೊರರೋಗಿ ಚೀಟಿ ಕೊಡುವ ಕೌಂಟರಿನಿಂದ ದಿನ ಶುರುಮಾಡಬಹುದು. ಅಲ್ಲಿ ದಿನಾಂಕ ತೀರ ದೂರದ್ದು ಸಿಕ್ಕರೆ, ಖಾಸಗಿ ಕೇಂದ್ರಗಳಿಗೆ ಫೋನ್ ಮಾಡಲು ಮಧ್ಯಾಹ್ನವಿಡೀ ಇದ್ದೇ ಇರುತ್ತದೆ.